ಹೊಟ್ಟೆ ನೋಡಿ ಮೀನು ಹೇಳಿ

ಗೋಬಿ ಅಂದ ಕೂಡಲೇ ಮಂಚೂರಿ ನೆನಪಾಗುತ್ತೆ ಅಲ್ವಾ? ನಾನು ಬರೆಯುತ್ತಿರುವುದು ಗೋಬಿ ಎಂಬ ಮೀನಿನ ವಿಷಯ. ಈ ಕುಟುಂಬದ ಮೀನುಗಳು ಹೆಚ್ಚಾಗಿ ಸಮುದ್ರದಲ್ಲಿರುತ್ತವೆ. ಆದರೆ ಗ್ಲಾಸೊಗೋಬಿಯಸ್ ಗಿಯುರಿಸ್ ಎಂಬ ಜಾತಿ ಅಳಿವೆಯ ಉಪ್ಪುನೀರಲ್ಲೂ ಇರುತ್ತೆ, ನಮ್ಮ ಕಾವೇರಿಯ ಸಿಹಿನೀರಲ್ಲೂ ಇರುತ್ತೆ. 1822ರಲ್ಲಿ ಗಂಗಾನದಿಯ ಮೀನುಗಳ ಬಗ್ಗೆ ಬರೆಯುತ್ತಾ ಇದಕ್ಕೆ ಹೆಸರಿಟ್ಟವನು ಫ್ರಾನ್ಸಿಸ್ ಹ್ಯಾಮಿಲ್ಟನ್. ಬುಕಾನನ್ ಎಂಬ ಹೆಸರಿದ್ದಾಗ ಇದೇ ಮನುಷ್ಯ 1800ರಲ್ಲಿ ನಮ್ಮ ಪಿರಿಯಾಪಟ್ಟಣಕ್ಕೂ ಬಂದು ಹೋಗಿದ್ದ!

ಮೇಲಿಂದ ನೋಡಿದರೆ ಕೊರವನ ಮರಿ ಅನ್ನಿಸುತ್ತೆ. ಚಪ್ಪಟೆ ತಲೆ, ನೆತ್ತಿಯ ಹತ್ತಿರ ಕಣ್ಣು, ಮುಂದಕ್ಕೆ ಚಾಚಿದ ಕೆಳದವಡೆ, ಮಾಸಲು ಹಳದಿ ಮೈ, ಪಕ್ಕದಲ್ಲಿ ಐದಾರು ಕಪ್ಪು ಮಚ್ಚೆ. ಈಗ ಬೆನ್ನು ನೋಡಿ. ಕೊರವನಿಗೆ ಉದ್ದಕ್ಕೂ ಒಂದೇ ಈಜುರೆಕ್ಕೆ, ಇದಕ್ಕೆ ಬೇರೆ ಬೇರೆ ಎರಡು. ಆಮೇಲೆ ಅಂಗೈ ಮೇಲೆ ಮಗುಚಿ ಹೊಟ್ಟೆ ನೋಡಿ. ಕೊರವನಿಗೆ ಅಲ್ಲಿ ಎರಡು ಬಿಡಿ ರೆಕ್ಕೆ. ಗೋಬಿಗೆ ಎರಡೂ ಕೂಡಿಕೊಂಡು ಪುಟ್ಟ ಬಟ್ಟಲಿನ ಹಾಗಿರುತ್ತವೆ. ಬಣ್ಣ ನಂಬಬೇಡಿ, ಬಟ್ಟಲನ್ನು ನಂಬಿ.

ಹೊಳೆ, ಕೆರೆ, ನಾಲೆಗಳ ತಳವೇ ಇದರ ಮನೆ. ಮರಳು, ಕೆಸರಿನ ಮೇಲೆ ಅಲ್ಲಾಡದೆ ಕೂತಿದ್ದು, ಹತ್ತಿರ ಬಂದ ಹುಳ, ಸೀಗಡಿ, ಸಣ್ಣ ಮೀನನ್ನು ಗಬಕ್ಕನೆ ಹಿಡಿಯುತ್ತೆ. ತನ್ನ ಜಾತಿಯ ಮರಿಯನ್ನೂ ಬಿಡಲ್ಲ! ಅದಕ್ಕೇ ಕಟ್ಲಾ, ರೋಹು ಮರಿ ಸಾಕುವ ಹೊಂಡಕ್ಕೆ ಇದು ಸೇರಿದರೆ ಸಾಕಿದವರಿಗೆ ನಷ್ಟ. ನಾಲೆಯಿಂದ ನೀರು ಬಿಡುವಾಗ ಬಾಯಿಗೆ ಸಣ್ಣ ಕಣ್ಣಿನ ಬಲೆ ಕಟ್ಟಬೇಕು. ಬಲೆಗೆ ಸಿಕ್ಕಿದ್ದನ್ನು ಎಸೆಯಬೇಡಿ, ಸಾರಿಗಾಗುತ್ತೆ.