ಸಿಲಬಸ್ಸಿಗೆ ಗಂಟೆ ಕಟ್ಟುವ ಕೆಲಸ

ರಾಜ್ಯದ ಒಂದು ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಅಧ್ಯಯನ ಮಂಡಳಿಗೆ (ಬಿಓಎಸ್) ಮೊದಲು ಸದಸ್ಯನಾಗಿ, ಆಮೇಲೆ ಅಧ್ಯಕ್ಷನಾಗಿ, ಕೊನೆಗೆ ಶಿಕ್ಷಣ ಮಂಡಳಿಯಲ್ಲೂ ಕೂತು ಎದ್ದುಬಂದವನು ನಾನು. ಹೊರಗಿನವರ ಕಣ್ಣಿಗೆ ಬಿಓಎಸ್ ಅಂದರೆ ವರ್ಷಕ್ಕೊಂದೆರಡು ಸಭೆ, ಗೋಡಂಬಿ, ಟಿಎ-ಡಿಎ ಫಾರಂ. ಆದರೆ ಒಬ್ಬ ಹುಡುಗಿ ಏನು ಓದಿ, ಎಷ್ಟು ಅಂಕ ತೆಗೆದು, ಯಾವ ಪತ್ರಿಕೆ ದಾಟಿದರೆ ಪದವೀಧರೆ ಅನ್ನಿಸಿಕೊಳ್ಳುತ್ತಾಳೆ ಅನ್ನುವುದು ಆ ಮೇಜಿನ ಮೇಲೇ ತೀರ್ಮಾನವಾಗುತ್ತದೆ. ಹೊಸದಾಗಿ ನೇಮಕಗೊಂಡ ಕಿರಿಯ ಸಹೋದ್ಯೋಗಿಗಳು ಆಗಾಗ ಕೇಳುತ್ತಾರೆ, ಅಲ್ಲಿ ಮಾಡಬೇಕಾದ್ದೇನು ಸಾರ್ ಎಂದು. ಅವರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

1. ಸಿಲಬಸ್ ಬೇರೆ, ರೆಗ್ಯುಲೇಶನ್ ಬೇರೆ

ಸಭೆಗೆ ಹೋಗುವ ಮುನ್ನ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ, 2000 ಅನ್ನು ಒಮ್ಮೆ ಓದಿ. ಸದಸ್ಯರಲ್ಲಿ ಅರ್ಧದಷ್ಟು ಜನ ಅದನ್ನು ಓದಿರುವುದಿಲ್ಲ. ಅಧ್ಯಯನ ಮಂಡಳಿ ಶಿಫಾರಸು ಮಾಡುತ್ತದೆ. ಅದು ನಿಕಾಯದ ಮುಂದೆ ಹೋಗಿ, ಅಲ್ಲಿಂದ ಶಿಕ್ಷಣ ಮಂಡಳಿಗೆ ಏರಿ, ಒಪ್ಪಿಗೆ ಪಡೆದ ಮೇಲಷ್ಟೇ ಅಧಿಸೂಚನೆಯಾಗುತ್ತದೆ. ಹಣಕಾಸಿನ ಹೊರೆ ಇದ್ದರೆ ಸಿಂಡಿಕೇಟ್ ನೋಡಬೇಕು. ಪರಿನಿಯಮದ ಮಟ್ಟದ ತಿದ್ದುಪಡಿಗಾದರೆ ಕುಲಾಧಿಪತಿಗಳಾದ ರಾಜ್ಯಪಾಲರ ಅಂಕಿತವೇ ಬೇಕು.

ಮೂರನೇ ಘಟಕದಲ್ಲಿ ಕೇನ್ಸ್ ಇರಬೇಕೋ ಬೇಡವೋ ಅನ್ನುವುದು ಸಿಲಬಸ್. ಪಾಸಾಗಲು ಎಷ್ಟು ಅಂಕ, ಎಷ್ಟು ಹಾಜರಾತಿ, ಎಷ್ಟು ವರ್ಷದೊಳಗೆ ಪದವಿ ಮುಗಿಸಬೇಕು ಎಂಬುದೆಲ್ಲ ರೆಗ್ಯುಲೇಶನ್. ಪಾಸ್ ಅಂಕದ ಮೇಲೆ ಬಿಓಎಸ್‌ನಲ್ಲಿ ಗಂಟೆಗಟ್ಟಲೆ ಜಗಳವಾಡಿದ್ದನ್ನು ನೋಡಿದ್ದೇನೆ. ಅದನ್ನು ಬದಲಿಸುವ ಅಧಿಕಾರ ಆ ಕೋಣೆಯಲ್ಲಿ ಯಾರಿಗೂ ಇರಲಿಲ್ಲ. ಅಷ್ಟರಲ್ಲಿ ಊಟದ ಹೊತ್ತಾಯಿತು, ನಿಜಕ್ಕೂ ನಮ್ಮ ಕೈಯಲ್ಲಿದ್ದ ನಾಲ್ಕು ಪತ್ರಿಕೆಗಳು ಚರ್ಚೆಯೇ ಇಲ್ಲದೆ ಅಂಗೀಕಾರವಾದವು.

2. ಪ್ರತಿ ಸಾಲಿನ ಮುಂದೆಯೂ ಒಂದು ಹೊಟ್ಟೆಪಾಡಿದೆ

ಸಿಲಬಸ್ ಪುಟದ ಬಲಗಡೆ 'ಬೋಧನಾ ಅವಧಿ' ಎಂಬ ಸಣ್ಣ ಕಾಲಂ ಇರುತ್ತದೆ. ಹೊಸಬರು ಎಡಗಡೆಯ ವಿಷಯಗಳನ್ನು ಓದುತ್ತಾರೆ, ಹಳಬರು ಬಲಗಡೆಯ ಅಂಕಿಗಳನ್ನು. ವಾರಕ್ಕೆ ಒಂದು ಗಂಟೆ ಪಾಠ ಅಂದರೆ ಒಂದು ಕ್ರೆಡಿಟ್. ಪ್ರಾಯೋಗಿಕವಾದರೆ ಎರಡು ಗಂಟೆಗೆ ಒಂದು. ಯುಜಿಸಿ ನಿಯಮದಂತೆ ಸಹಾಯಕ ಪ್ರಾಧ್ಯಾಪಕರು ವಾರಕ್ಕೆ 16 ಗಂಟೆ ನೇರ ಬೋಧನೆ ಮಾಡಬೇಕು. ಹೀಗಾಗಿ ನಾಲ್ಕು ಗಂಟೆಯ ಒಂದು ಪತ್ರಿಕೆಯನ್ನು ಕಿತ್ತುಹಾಕಿದರೆ ಎಲ್ಲೋ ಒಬ್ಬರ ಕಾರ್ಯಭಾರದಲ್ಲಿ ಕಾಲುಭಾಗ ಮಾಯವಾಗುತ್ತದೆ. ಕಾಯಂ ನೌಕರರಿಗೆ ಅದು ವರ್ಗಾವಣೆಯ ಭಯ. ಅತಿಥಿ ಉಪನ್ಯಾಸಕರಿಗಾದರೆ ಮುಂದಿನ ವರ್ಷ ಕೆಲಸವೇ ಇಲ್ಲ.

ಬಿ.ಎ. ಅರ್ಥಶಾಸ್ತ್ರಕ್ಕೆ ಸಂಖ್ಯಾಶಾಸ್ತ್ರದ ಒಂದು ಪೂರ್ಣ ಪತ್ರಿಕೆಯನ್ನು ಕಡ್ಡಾಯ ಮಾಡೋಣ ಎಂಬ ಪ್ರಸ್ತಾವ ಬಂದಾಗ ನನ್ನ ಬೆಂಬಲ ಅದಕ್ಕೇ ಇತ್ತು. ಸೂಚ್ಯಂಕ ಲೆಕ್ಕ ಹಾಕಲು ಬಾರದವನು ಹಣದುಬ್ಬರದ ಬಗ್ಗೆ ಏನು ಮಾತಾಡುತ್ತಾನೆ? ತಾಲ್ಲೂಕು ಕೇಂದ್ರದ ಸರ್ಕಾರಿ ಕಾಲೇಜಿನ ಸದಸ್ಯರೊಬ್ಬರು ಎಲ್ಲ ಕೇಳಿಸಿಕೊಂಡು, ಜೇಬಿನಿಂದ ನಾಲ್ಕು ಮಡಿಕೆ ಮಾಡಿದ ತಮ್ಮ ಕಾಲೇಜಿನ ಟೈಮ್‌ಟೇಬಲ್ ತೆಗೆದು ಮೇಜಿನ ಮೇಲೆ ಹರಡಿದರು. ಇಡೀ ವಿಭಾಗಕ್ಕೆ ಒಬ್ಬರು ಕಾಯಂ, ಉಳಿದವರೆಲ್ಲ ಅತಿಥಿಗಳು. ಸಂಖ್ಯಾಶಾಸ್ತ್ರ ಕಲಿಸಬಲ್ಲವರು ಯಾರೂ ಇಲ್ಲ. ಕೂಡಿಸಿದ ತರಗತಿಯಲ್ಲಿ ತೊಂಬತ್ತು ಮಕ್ಕಳು, ಹೆಚ್ಚಿನವರು ಪಿಯುಸಿಯಲ್ಲಿ ಗಣಿತದ ಮುಖ ನೋಡದವರು. "ಪತ್ರಿಕೆ ಇಡಿ ಸಾರ್, ನಮ್ಮಲ್ಲಿ ಅದು ಡಿಕ್ಟೇಶನ್ ಆಗುತ್ತೆ" ಎಂದರು.

ಪ್ರಸ್ತಾವ ಬಿದ್ದುಹೋಗಲಿಲ್ಲ, ರೂಪ ಬದಲಿಸಿತು. ಪ್ರತ್ಯೇಕ ಪತ್ರಿಕೆ ಬಿಟ್ಟು, ಭಾರತದ ಅರ್ಥವ್ಯವಸ್ಥೆ ಮತ್ತು ಕರ್ನಾಟಕದ ಅರ್ಥವ್ಯವಸ್ಥೆಯ ಪತ್ರಿಕೆಗಳೊಳಗೇ ಲೆಕ್ಕದ ಭಾಗಗಳನ್ನು ಕೂರಿಸಿದೆವು. ಸರಾಸರಿ, ಶೇಕಡಾವಾರು ಬೆಳವಣಿಗೆ, ಸೂಚ್ಯಂಕ ಇಷ್ಟೇ. ಉದಾಹರಣೆಗಳೆಲ್ಲ ಯೋಜನಾ ಇಲಾಖೆ ಪ್ರತಿವರ್ಷ ಹೊರತರುವ ಕರ್ನಾಟಕ ಆರ್ಥಿಕ ಸಮೀಕ್ಷೆಯ ಕೋಷ್ಟಕಗಳಿಂದ. ಸಮೀಕ್ಷೆ ಕನ್ನಡದಲ್ಲೂ ಬರುತ್ತದೆ, ಕಾಸು ಕೊಡಬೇಕಿಲ್ಲ. ನಗರದ ಕಾಲೇಜಿನ ಸದಸ್ಯರಿಗೆ ಇದು ಸಪ್ಪೆ ಎನಿಸಿತು. ನನ್ನ ಮಟ್ಟಿಗೆ ಆ ವರ್ಷ ನಾವು ಮಾಡಿದ ಒಳ್ಳೆಯ ಕೆಲಸ ಅದೊಂದೇ. ವಿಶ್ವವಿದ್ಯಾಲಯದ ಸಿಲಬಸ್ಸನ್ನು ಕ್ಯಾಂಪಸ್ಸಿನ ವಿಭಾಗಕ್ಕೆಂದು ಬರೆಯಬಾರದು. ಬಸ್ಸು ದಿನಕ್ಕೆ ಎರಡೇ ಸಲ ಹೋಗುವ ಊರಿನ ಕಾಲೇಜಿನಲ್ಲಿ ಅದು ನಿಲ್ಲುತ್ತದೆಯೇ ಎಂದು ನೋಡಿಕೊಂಡು ಬರೆಯಬೇಕು.

3. ತೆಗೆಯುವ ಪಟ್ಟಿಯನ್ನು ಮನೆಯಿಂದಲೇ ತನ್ನಿ

ಸೇರಿಸುವುದಕ್ಕೆ ಎಲ್ಲರ ಬಳಿಯೂ ಏನಾದರೂ ಇರುತ್ತದೆ. ವರ್ತನಾ ಅರ್ಥಶಾಸ್ತ್ರ, ಡಿಜಿಟಲ್ ಪಾವತಿ, ಹವಾಮಾನ ಹಣಕಾಸು. ಯಾವುದನ್ನು ಬಿಡೋಣ ಎಂದು ಕೇಳಿದ ಕೂಡಲೇ ಕೋಣೆ ತಣ್ಣಗಾಗುತ್ತದೆ. ಏಕೆಂದರೆ ಬಿಡಬೇಕಾದ್ದನ್ನು ಅಲ್ಲಿ ಕೂತವರೇ ಯಾರೋ ಇಪ್ಪತ್ತು ವರ್ಷದಿಂದ ಪಾಠ ಮಾಡುತ್ತಿರುತ್ತಾರೆ, ಅವರ ನೋಟ್ಸ್ ಸಿದ್ಧವಿರುತ್ತದೆ.

ಯೋಜನಾ ಆಯೋಗ ಹೋಗಿ ನೀತಿ ಆಯೋಗ ಬಂದದ್ದು 2015ರ ಜನವರಿ 1ರಂದು. ಹನ್ನೆರಡನೇ ಪಂಚವಾರ್ಷಿಕ ಯೋಜನೆ 2017ಕ್ಕೆ ಮುಗಿಯಿತು, ಹದಿಮೂರನೆಯದು ಬರಲೇ ಇಲ್ಲ. ಆಮೇಲೂ ಎಷ್ಟೋ ಕಡೆ 'ಯೋಜನಾ ಆಯೋಗದ ಕಾರ್ಯಗಳನ್ನು ವಿವರಿಸಿ' ಎಂಬ ಪ್ರಶ್ನೆ ವರ್ತಮಾನಕಾಲದಲ್ಲೇ ಬರುತ್ತಿತ್ತು. 2017ರ ಜುಲೈನಲ್ಲಿ ಜಿಎಸ್‌ಟಿ ಜಾರಿಯಾದಾಗ ಸಾರ್ವಜನಿಕ ಹಣಕಾಸಿನ ಪತ್ರಿಕೆಯಲ್ಲಿ ಕೇಂದ್ರ ಅಬಕಾರಿ, ಸೇವಾ ತೆರಿಗೆ, ವ್ಯಾಟ್ ಎಂದು ಒಂದು ಘಟಕವೇ ಇತ್ತು. ರಾಷ್ಟ್ರೀಯ ಆದಾಯದ ಲೆಕ್ಕದಲ್ಲಿ 2015ರ ಜನವರಿಯಲ್ಲಿ ಆಧಾರ ವರ್ಷ 2004-05ರಿಂದ 2011-12ಕ್ಕೆ ಸರಿಯಿತು. ಉತ್ಪಾದನಾಂಗ ವೆಚ್ಚದ ಲೆಕ್ಕ ಬಿಟ್ಟು ಮೂಲ ಬೆಲೆಯಲ್ಲಿ ಒಟ್ಟು ಮೌಲ್ಯವರ್ಧನೆ ಹೇಳತೊಡಗಿದರು. ಗೈಡುಗಳಲ್ಲಿ ಇದೆಲ್ಲ ಬರಲು ಬಹಳ ಕಾಲ ಹಿಡಿಯಿತು.

ಹಾಗಂತ ಇತಿಹಾಸವನ್ನೇ ಗುಡಿಸಿ ಹಾಕಿ ಎನ್ನುತ್ತಿಲ್ಲ. ಮಹಾಲನೋಬಿಸ್ ಮಾದರಿ ಇರಲಿ, ಎರಡನೇ ಯೋಜನೆ ಇರಲಿ. ಎಲ್ಲ ಯೋಜನೆಗಳ ಅವಧಿ, ಗುರಿ, ಸಾಧನೆ ಎಂಬ ಬಾಯಿಪಾಠ ಹೋಗಲಿ. ಒಂದು ಘಟಕ ಸೇರಿಸಬೇಕೆಂದವರು ಅದೇ ಉಸಿರಿನಲ್ಲಿ ಒಂದನ್ನು ತೆಗೆಯಬೇಕು ಎಂಬ ನಿಯಮವನ್ನು ನಾನು ಅಧ್ಯಕ್ಷನಾಗಿದ್ದಷ್ಟು ದಿನ ಪಾಲಿಸಿದೆ. ಜನಪ್ರಿಯನಾಗಲಿಲ್ಲ.

4. 'ಕಡ್ಡಾಯ' ಎನ್ನುವ ಮುನ್ನ ಕಲಿಸುವವರ ಹೆಸರು ಕೇಳಿ

ಪದವಿಗೆ ಕಡ್ಡಾಯವಾದವೆಲ್ಲ ಬಿಓಎಸ್‌ನಲ್ಲಿ ಹುಟ್ಟುವುದಿಲ್ಲ. ಪರಿಸರ ಅಧ್ಯಯನ ಬಂದದ್ದು ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ಕೊಟ್ಟ ನಿರ್ದೇಶನದ ಬಾಲ ಹಿಡಿದು. ಪದವಿಯಲ್ಲಿ ಕನ್ನಡ ಕಲಿಕೆಯನ್ನು ಕಡ್ಡಾಯ ಮಾಡಿದ 2021ರ ಸರ್ಕಾರಿ ಆದೇಶ ಹೈಕೋರ್ಟ್ ಮೆಟ್ಟಿಲೇರಿತು. ಕಡ್ಡಾಯ ಎಂಬ ಮಾತಿಗೆ ಇಂಥ ತೂಕವಿರುವಾಗ ಅದನ್ನು ಹಗುರವಾಗಿ ಬಳಸಬಾರದು.

ಸಂವಿಧಾನದ ಪತ್ರಿಕೆಯನ್ನೇ ನೋಡಿ. ಎಲ್ಲ ಪದವೀಧರರೂ ಓದಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ರಾಜ್ಯಶಾಸ್ತ್ರ ವಿಭಾಗವೇ ಇಲ್ಲದ ಕಾಲೇಜಿನಲ್ಲಿ ಅದು ಬರುವುದು ಯಾರಿಗೆ ಕಾರ್ಯಭಾರ ಕಡಿಮೆಯಿದೆಯೋ ಅವರ ಪಾಲಿಗೆ. ಸಸ್ಯಶಾಸ್ತ್ರದವರು ಮೂಲಭೂತ ಹಕ್ಕು ಕಲಿಸಿದ್ದನ್ನು ಕಂಡಿದ್ದೇನೆ, ಕೆಲವರು ಚೆನ್ನಾಗಿಯೇ ಕಲಿಸಿದರು. ಹೆಚ್ಚಿನ ಕಡೆ ಪರೀಕ್ಷೆಗೆ ವಾರವಿದ್ದಾಗ ಜೆರಾಕ್ಸ್ ಅಂಗಡಿಯೇ ಪಾಠ ಮಾಡಿತು. ಇನ್ನು ಆಡಳಿತದ ಕಡೆಯಿಂದ ಹೇಳುವುದಾದರೆ, ಮೂರೂ ಐಚ್ಛಿಕ ವಿಷಯಗಳಲ್ಲಿ ಪಾಸಾಗಿ ಇಂಥ ಎರಡು ಕ್ರೆಡಿಟ್ಟಿನ ಒಂದು ಪತ್ರಿಕೆ ಬಾಕಿ ಇರುವುದರಿಂದ ಪದವಿ ಪ್ರಮಾಣಪತ್ರ ಸಿಗದೆ ನೌಕರಿ ತಪ್ಪಿಸಿಕೊಂಡವರ ಅರ್ಜಿಗಳು ಶಿಕ್ಷಣ ಮಂಡಳಿಯ ಮುಂದೆ ಬರುತ್ತಲೇ ಇದ್ದವು.

5. ಆಕರ ಗ್ರಂಥಗಳ ಪಟ್ಟಿಯನ್ನು ಅಂಗಡಿಗೆ ಹೋಗಿ ಪರೀಕ್ಷಿಸಿ

ನಮ್ಮ ಬಿ.ಎ. ಮಕ್ಕಳಲ್ಲಿ ಬಹುಪಾಲು ಉತ್ತರ ಬರೆಯುವುದು ಕನ್ನಡದಲ್ಲಿ. ಸಿಲಬಸ್ಸಿನ ಕೊನೆಯಲ್ಲಿ ಕೊಡುವ ಪುಸ್ತಕಗಳಲ್ಲಿ ಬಹುಪಾಲು ಇಂಗ್ಲಿಷಿನವು, ಅವುಗಳಲ್ಲೂ ಕೆಲವು ಮುದ್ರಣದಲ್ಲೇ ಇಲ್ಲ. ಕುವೆಂಪು 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಕನ್ನಡದಲ್ಲಿ ಪಠ್ಯ ಬರೆಸುವುದನ್ನು ವಿಶ್ವವಿದ್ಯಾಲಯದ ಹೊಣೆಯೆಂದೇ ತಿಳಿದಿದ್ದರು. ಈಗ ಆ ಹೊಣೆ ಖಾಸಗಿ ಪ್ರಕಾಶಕರ ಹೆಗಲಿಗೆ ಜಾರಿದೆ. ಸಭೆ ಮುಗಿಸಿ ಹೊರಬರುವಷ್ಟರಲ್ಲಿ ಅವರ ಕಡೆಯವರು ಕರಡು ಪ್ರತಿ ಕೇಳುತ್ತಾರೆ; ಯಾವ ಸದಸ್ಯರು ಗೈಡು ಬರೆಯುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿರುವ ಗುಟ್ಟು. ಒಮ್ಮೆ ಒಂದು ಕರಡಿನ ಘಟಕಗಳ ಅನುಕ್ರಮ ಒಂದು ಗೈಡಿನ ಪರಿವಿಡಿಗೆ ಅಕ್ಷರಶಃ ಹೊಂದಿದ್ದನ್ನು ತೋರಿಸಿ, ಆ ಕರಡನ್ನು ವಾಪಸ್ ಪಡೆಯಲು ಹೇಳಬೇಕಾಯಿತು. ಯಾವುದೇ ಪತ್ರಿಕೆಗೆ ಪುಸ್ತಕ ಬರೆದವರು, ಬರೆಯುತ್ತಿರುವವರು ಅದರ ಚರ್ಚೆಯ ವೇಳೆ ಹೊರಗಿರಬೇಕು. ಇದನ್ನು ಲಿಖಿತ ನಿಯಮವಾಗಿಯೇ ತನ್ನಿ.

6. ಸಿಲಬಸ್ ಜೊತೆಗೇ ಮಾದರಿ ಪ್ರಶ್ನೆಪತ್ರಿಕೆ ಅಂಗೀಕರಿಸಿ

ತರಗತಿಯಲ್ಲಿ ಓದಿಸುವುದು ಸಿಲಬಸ್ಸನ್ನಲ್ಲ, ಹಿಂದಿನ ಪ್ರಶ್ನೆಪತ್ರಿಕೆಯನ್ನು. ಪರೀಕ್ಷಾ ಮಂಡಳಿಗೆ ಬೇರೆ ಜನ, ಬೇರೆ ದಿನ, ಬೇರೆ ಬೀಗ. ನೀವು ಕೋಷ್ಟಕ ಓದುವುದನ್ನು ಕಲಿಸಿ ಎಂದು ಬರೆದು, ಅವರು 'ಅರ್ಥ ಮತ್ತು ವ್ಯಾಖ್ಯೆ ತಿಳಿಸಿ' ಎಂದು ಕೇಳಿದರೆ ನಿಮ್ಮ ಶ್ರಮ ಮೊದಲ ಸೆಮಿಸ್ಟರಿಗೇ ಮುಗಿಯಿತು.

7. ಕ್ರಿಯಾಪದಗಳ ಕಸರತ್ತಿಗೆ ಒಂದೇ ಮಧ್ಯಾಹ್ನ ಕೊಡಿ

ಕಲಿಕೆಯ ಫಲಿತ, ಅದಕ್ಕೂ ಕಾರ್ಯಕ್ರಮದ ಫಲಿತಕ್ಕೂ ಇರುವ ನಂಟಿಗೆ 3-2-1 ಎಂದು ಅಂಕ ಹಾಕುವ ಕೋಷ್ಟಕ, ಬ್ಲೂಮ್ ಪಟ್ಟಿಯ ಕ್ರಿಯಾಪದಗಳು. ನ್ಯಾಕ್ ತಂಡ ಕೇಳುತ್ತದೆ, ಆದ್ದರಿಂದ ಮಾಡಿಕೊಡಿ. ಅದಕ್ಕಿಂತ ಹೆಚ್ಚು ಹೊತ್ತು ಬೇಡ.

8. ನಡಾವಳಿಯನ್ನು ನೀವೇ ಬರೆಯಿರಿ

ಸಭೆಯಲ್ಲಿ ಎಷ್ಟು ಚೆನ್ನಾಗಿ ಮಾತಾಡಿದಿರಿ ಎಂಬುದು ಸಂಜೆಗೆ ಮರೆತುಹೋಗುತ್ತದೆ. ಉಳಿಯುವುದು ನಡಾವಳಿ. 'ಪರಿಷ್ಕೃತ ಪಠ್ಯಕ್ರಮವು 2024-25ನೇ ಸಾಲಿನಿಂದ ಜಾರಿಗೆ ಬರುತ್ತದೆ' ಎಂದಷ್ಟೇ ಬರೆದರೆ ಗೊಂದಲ ಗ್ಯಾರಂಟಿ. ಆ ವರ್ಷ ಎರಡನೇ ವರ್ಷದಲ್ಲಿರುವವರು ಯಾವುದನ್ನು ಓದಬೇಕು? 'ಆ ಸಾಲಿನಲ್ಲಿ ಪ್ರಥಮ ಸೆಮಿಸ್ಟರಿಗೆ ಪ್ರವೇಶ ಪಡೆದವರಿಗೆ ಅನ್ವಯ' ಎಂದು ಇನ್ನೊಂದು ಸಾಲು ಸೇರಿಸಿದರೆ ಮೌಲ್ಯಮಾಪನ ಕುಲಸಚಿವರ ಕಚೇರಿಗೆ ನೂರಾರು ಫೋನ್ ಕರೆ ಉಳಿಯುತ್ತವೆ.

ಪತ್ರಿಕೆಯ ಕೋಡ್, ಕ್ರೆಡಿಟ್, ಅಂಕಗಳ ಹಂಚಿಕೆ ಈ ಮೂರನ್ನು ಸಭೆಯಲ್ಲೇ ಗಟ್ಟಿಯಾಗಿ ಓದಿಸಿ. ಈಗ ಪ್ರವೇಶದಿಂದ ಫಲಿತಾಂಶದವರೆಗೆ ಎಲ್ಲವೂ ಯುಯುಸಿಎಂಎಸ್ ಎಂಬ ಏಕೀಕೃತ ಆನ್‌ಲೈನ್ ಜಾಲದಲ್ಲಿ ನಡೆಯುತ್ತದೆ. ನಡಾವಳಿಯಲ್ಲಿ ಒಂದು ಕೋಡ್, ಅಲ್ಲಿ ಇನ್ನೊಂದು ಇದ್ದರೆ ವಿದ್ಯಾರ್ಥಿಯ ಅಂಕ ಎಲ್ಲೂ ಕಾಣುವುದಿಲ್ಲ.

ಬೇರೆ ವಿಶ್ವವಿದ್ಯಾಲಯದಿಂದ ಬಂದ ಸದಸ್ಯರಿಗೂ ಕರಡು ಓದಲು ಕೊಡಿ. ಒಳಗಿನ ರಾಜಕೀಯ ಗೊತ್ತಿಲ್ಲದವರ ಕಣ್ಣಿಗೆ ತಪ್ಪು ಬೇಗ ಬೀಳುತ್ತದೆ.

9. ಸರ್ಕಾರದ ಆದೇಶ ಮೇ ತಿಂಗಳಲ್ಲಿ ಬರುತ್ತದೆ, ತರಗತಿ ಮಾತ್ರ ಕಾಯುವುದಿಲ್ಲ

ರಾಷ್ಟ್ರೀಯ ಶಿಕ್ಷಣ ನೀತಿಯನ್ನು (ಎನ್ಇಪಿ) ದೇಶದಲ್ಲೇ ಮೊದಲು ಜಾರಿಗೆ ತಂದ ರಾಜ್ಯ ನಮ್ಮದು. 2021-22ರಲ್ಲಿ ನಾಲ್ಕು ವರ್ಷದ ಆನರ್ಸ್, ಮುಕ್ತ ಐಚ್ಛಿಕ, ಕೌಶಲ ಪತ್ರಿಕೆ, ಪರೀಕ್ಷೆಗೆ 60 ಮತ್ತು ಆಂತರಿಕ ಮೌಲ್ಯಮಾಪನಕ್ಕೆ 40 ಅಂಕ ಎಂದು ಎಲ್ಲವನ್ನೂ ಹೊಸದಾಗಿ ಬರೆದೆವು. 2024ರ ಮೇ 8ರಂದು, ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ (ಎಸ್ಇಪಿ) ಆಯೋಗದ ಮಧ್ಯಂತರ ವರದಿಯ ಆಧಾರದ ಮೇಲೆ, ಆ ಸಾಲಿನಿಂದಲೇ ಮೂರು ವರ್ಷದ ಪದವಿಗೆ ಮರಳಬೇಕೆಂಬ ಆದೇಶ ಹೊರಬಿತ್ತು. ಕೆಲವೇ ವಾರಗಳಲ್ಲಿ ಮೊದಲ ಸೆಮಿಸ್ಟರಿನ ಪಠ್ಯ ಬೇಕಿತ್ತು. ಎರಡರಲ್ಲಿ ಯಾವ ನೀತಿ ಸರಿ ಎಂಬ ಬಗ್ಗೆ ನನಗೂ ಅಭಿಪ್ರಾಯವಿದೆ. ಬಿಓಎಸ್ ಅಧ್ಯಕ್ಷರ ಕುರ್ಚಿಯಲ್ಲಿ ಅದಕ್ಕೆ ಕೆಲಸವಿಲ್ಲ. ಇಂಥ ಹೊತ್ತಿನಲ್ಲಿ ಸದಾ ಕೈಗೆಟುಕುವಂತೆ ಒಂದು ಕಡತ ಇಟ್ಟುಕೊಂಡಿರಬೇಕು: ಯಾವ ನೀತಿ ಬಂದರೂ ಅರ್ಥಶಾಸ್ತ್ರದ ಪದವೀಧರನಿಗೆ ಬೇಕೇಬೇಕಾದ ಘಟಕಗಳು, ಅವಕ್ಕೆ ತಗಲುವ ಗಂಟೆಗಳು, ಕನ್ನಡದಲ್ಲಿರುವ ಪುಸ್ತಕಗಳು. ಚೌಕಟ್ಟು ಬದಲಾದರೆ ಅದರೊಳಗೆ ಇವನ್ನು ಹೊಂದಿಸುವುದು ಎರಡು ದಿನದ ಕೆಲಸ. ಕಡತವಿಲ್ಲದ ಮಂಡಳಿಗಳು ಪಕ್ಕದ ವಿಶ್ವವಿದ್ಯಾಲಯದ ಪಿಡಿಎಫ್ ಇಳಿಸಿಕೊಂಡು ಹೆಸರು ಬದಲಿಸಿದವು. ಒಂದೆರಡು ಕಡೆ ಹೆಸರು ಬದಲಿಸುವುದೂ ಮರೆತುಹೋಗಿತ್ತು.

ಆ ವರ್ಷ ಒಂದೇ ಕಾರಿಡಾರಿನಲ್ಲಿ ಮೊದಲ ವರ್ಷದವರಿಗೆ ಎಸ್ಇಪಿ, ಮೇಲಿನವರಿಗೆ ಎನ್ಇಪಿ, ಬಾಕಿ ಉಳಿಸಿಕೊಂಡವರಿಗೆ ಎನ್ಇಪಿಗೂ ಹಿಂದಿನ ಸಿಬಿಸಿಎಸ್ ಪದ್ಧತಿ. ಹೊಸ ಪಠ್ಯದ ಸಂಭ್ರಮದಲ್ಲಿ ರಿಪೀಟರ್‌ಗಳನ್ನು ಯಾರೂ ನೆನೆಯುವುದಿಲ್ಲ. ಹಳೇ ಸ್ಕೀಮಿನ ಪತ್ರಿಕೆಯನ್ನು ಎಷ್ಟು ವರ್ಷದವರೆಗೆ, ಯಾರು ಸೆಟ್ ಮಾಡುತ್ತಾರೆ, ಅದು ನಿಂತ ಮೇಲೆ ಯಾವ ಹೊಸ ಪತ್ರಿಕೆ ಅದಕ್ಕೆ ಸಮಾನ ಎಂಬ ಕೋಷ್ಟಕವನ್ನು ಹೊಸ ಸಿಲಬಸ್ ಅಂಗೀಕರಿಸುವ ಸಭೆಯಲ್ಲೇ ತಯಾರಿಸಿ, ಸಹಿ ಹಾಕಿಸಿ, ಅನುಬಂಧವಾಗಿ ಸೇರಿಸಿ.