ಮಾವು, ಹಲಸು: ಫ್ರೀಜರ್‌ನಿಂದ ಡಬ್ಬಿಗೆ

ಮಾವು, ಹಲಸಿನ ಸುಗ್ಗಿ ಮುಗಿಯುವ ಮೊದಲೇ ಮುಂಗಾರು ಬಂದುಬಿಡುತ್ತದೆ. ಮೇ ತಿಂಗಳಲ್ಲಿ ಮನೆ ತುಂಬ ಹಣ್ಣು. ಜೂನ್‌ನಲ್ಲಿ ಕರಾವಳಿ, ಮಲೆನಾಡಿನಲ್ಲಿ ಮಳೆ ಹಿಡಿದರೆ ಚಾಪೆಯ ಮೇಲೆ ಮಾಂಬಳ (ತಿರುಳನ್ನು ಎರೆದು ಒಣಗಿಸಿದ ಹಣ್ಣಿನ ಹಾಳೆ) ಎರೆಯಲು ಬಿಸಿಲೇ ಇಲ್ಲ. ಹಾಗಾಗಿ ಈಗ ಎಷ್ಟೋ ಮನೆಗಳಲ್ಲಿ ಉಳಿದ ಹಣ್ಣು ಹೋಳಾಗಿ ಫ್ರೀಜರ್ ಸೇರುತ್ತದೆ, ಸೇರಿದ್ದು ಅಲ್ಲೇ ಉಳಿಯುತ್ತದೆ. ತಿಂಗಳುಗಳು ಕಳೆದಂತೆ ಹೋಳಿನ ಮೇಲೆ ಹಿಮ ಕೂರುತ್ತದೆ, ಅಂಚು ಬಿಳುಚಿ ನಾರಿನಂತಾಗುತ್ತದೆ. ಕರೆಂಟ್ ಹೋದರಂತೂ ಬಾಗಿಲು ತೆರೆಯದೆ ಇಟ್ಟರೂ ತುಂಬಿದ ಫ್ರೀಜರ್ ಹೆಚ್ಚೆಂದರೆ 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಡೆದೀತು. ಮಳೆಗಾಲದ ಮಲೆನಾಡಿಗೆ ಈ ಲೆಕ್ಕ ಸಾಲದು. ಫ್ರೀಜರ್ ಹಣ್ಣಿಗೆ ತಂಗುದಾಣ ಮಾತ್ರ. ಬಿಡುವಾದಾಗ ಅದನ್ನು ಹೊರತೆಗೆದು ಒಣಗಿಸಿ ಡಬ್ಬಿಗೆ ತುಂಬುವುದೇ ಸರಿಯಾದ ಕ್ರಮ.

‘ಒಮ್ಮೆ ಫ್ರೀಜರ್‌ಗೆ ಹೋದ ಹಣ್ಣು ಮೆತ್ತಗಾಗಿ ನೀರು ಬಿಡುತ್ತದೆ, ಅದನ್ನು ಒಣಗಿಸುವುದೇನು ಬಂತು’ ಎಂಬುದು ಸಾಮಾನ್ಯ ಆಕ್ಷೇಪ. ಮೆತ್ತಗಾಗುವುದು ನಿಜ. ಮನೆಯ ಫ್ರೀಜರ್‌ನಲ್ಲಿ ಹಣ್ಣು ನಿಧಾನವಾಗಿ ಹೆಪ್ಪುಗಟ್ಟುವುದರಿಂದ ಒಳಗಿನ ನೀರು ದೊಡ್ಡ ಹರಳುಗಳಾಗಿ ಜೀವಕೋಶಗಳ ಗೋಡೆಯನ್ನು ಹರಿದುಹಾಕುತ್ತದೆ. ಹಾಗೆಯೇ ತಿನ್ನುವವರಿಗೆ ಇದು ನಷ್ಟ, ಒಣಗಿಸುವವರಿಗೆ ಲಾಭ. ಒಣಗಿಸುವುದೆಂದರೆ ಕೋಶದೊಳಗಿನ ನೀರನ್ನು ಹೊರಗೆ ಕಳಿಸುವ ಕೆಲಸ. ಅದರ ಅರ್ಧ ದಾರಿಯನ್ನು ಹಿಮವೇ ತೆರೆದುಕೊಟ್ಟಿರುತ್ತದೆ. ಮೇಣದ ಪದರವಿರುವ ಹಣ್ಣುಗಳಲ್ಲಿ ಈ ಅನುಕೂಲ ಇನ್ನೂ ಸ್ಪಷ್ಟ. ವಿಜಯಪುರದ ಬೆಳೆಗಾರರು ಒಣದ್ರಾಕ್ಷಿ ಮಾಡುವಾಗ ಗೊಂಚಲನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದುತ್ತಾರೆ. ಮೇಣ ಸಡಿಲಗೊಂಡು ತೇವ ಹೊರಬರಲಿ ಎಂಬುದು ಅದರ ಉದ್ದೇಶ. ಗಟ್ಟಿಯಾಗಿ ಹೆಪ್ಪುಗಟ್ಟಿದ ಹಣ್ಣಿನ ಸಿಪ್ಪೆಯಲ್ಲಿ ಬೀಳುವ ಸೂಕ್ಷ್ಮ ಬಿರುಕುಗಳು ಮನೆಯ ಮಟ್ಟಿಗೆ ಹೆಚ್ಚುಕಡಿಮೆ ಅದೇ ಕೆಲಸ ಮಾಡುತ್ತವೆ.

ಆದರೆ ಒಣಗಿಸುವ ಯೋಚನೆ ಫ್ರೀಜರ್‌ಗೆ ಇಡುವಾಗಲೇ ಇರಬೇಕು. ಕಳಿತ, ಆದರೆ ಇನ್ನೂ ಗಟ್ಟಿಯಾಗಿರುವ ಹಣ್ಣನ್ನು ಅರ್ಧದಿಂದ ಒಂದು ಸೆಂಟಿಮೀಟರ್ ದಪ್ಪಕ್ಕೆ ಒಂದೇ ಸಮನಾಗಿ ಹೆಚ್ಚಿ. ಬಾಳೆ, ಸೇಬಿನಂಥ ಕಪ್ಪಾಗುವ ಹಣ್ಣಾದರೆ ನಿಂಬೆರಸಕ್ಕೆ ಅಷ್ಟೇ ನೀರು ಬೆರೆಸಿ ಹತ್ತು ನಿಮಿಷ ಅದ್ದಿಡಿ. ಕಪ್ಪಾಗಿಸುವ ಕಿಣ್ವ ಚಳಿಗೆ ಸಾಯುವುದಿಲ್ಲ, ಕರಗಿದ ಕೂಡಲೇ ಮತ್ತೆ ಕೆಲಸ ಶುರುಮಾಡುತ್ತದೆ. ಹೋಳುಗಳನ್ನು ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಹರಡಿ, ಗಟ್ಟಿಯಾದ ಮೇಲೆ ಚೀಲಕ್ಕೆ ತುಂಬಿ, ಗಾಳಿ ಹೊರಹಾಕಿ ಬಾಯಿ ಮುಚ್ಚಿ ಮೈನಸ್ 18 ಡಿಗ್ರಿಯಲ್ಲಿಡಿ. ಎಲ್ಲವನ್ನೂ ಒಟ್ಟಿಗೆ ಸುರಿದಿಟ್ಟರೆ ಮುದ್ದೆಯಾಗುತ್ತದೆ. ಮುದ್ದೆಯನ್ನು ಬಿಡಿಸಿ ಒಣಗಿಸುವುದು ಆಗದ ಮಾತು.

ಹೊರತೆಗೆಯುವಾಗ ಅಡುಗೆಕಟ್ಟೆಯ ಮೇಲಿಟ್ಟು ಕರಗಿಸಬೇಡಿ. ಚಳಿ ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ, ಬೆಳವಣಿಗೆಯನ್ನಷ್ಟೇ ತಡೆಯುತ್ತದೆ. ರಸ ಸೋರುತ್ತಿರುವ ಬೆಚ್ಚನೆಯ ಹಣ್ಣು ಅವುಗಳಿಗೆ ಹಬ್ಬದೂಟ. ಜರಡಿಯಲ್ಲಿ ಹಾಕಿ, ಕೆಳಗೆ ಪಾತ್ರೆಯಿಟ್ಟು, ಫ್ರಿಜ್‌ನ ಕೆಳ ಅಂಕಣದಲ್ಲಿ ರಾತ್ರಿಯಿಡೀ ಬಿಡಿ. ಇಳಿದ ರಸದಲ್ಲಿ ಸಕ್ಕರೆಯೂ ಸಿ ವಿಟಮಿನ್ನೂ ಇರುತ್ತದೆ, ಚೆಲ್ಲದೆ ಪಾನಕಕ್ಕೆ ಬಳಸಿ. ಹೋಳು ಆಕಾರ ಹಿಡಿದಿದ್ದರೆ ಹಾಗೆಯೇ ಒಣಗಿಸಬಹುದು. ಬಕ್ಕೆ ಹಲಸಿನ ತೊಳೆ, ಅನಾನಸ್ ಸಾಮಾನ್ಯವಾಗಿ ತಡೆದುಕೊಳ್ಳುತ್ತವೆ. ಅಂಬಲಿ ಹಲಸು, ರಸಭರಿತ ಮಾವು ತಡೆಯುವುದಿಲ್ಲ. ಅವನ್ನು ರುಬ್ಬಿ, 70 ಡಿಗ್ರಿ ದಾಟುವವರೆಗೆ ಬಿಸಿಮಾಡಿ, ಎಣ್ಣೆ ಸವರಿದ ತಟ್ಟೆಯಲ್ಲಿ ತೆಳ್ಳಗೆ ಎರೆದು ಮಾಂಬಳ ಮಾಡುವುದೇ ಜಾಣತನ.

ಒಣಗಿಸಲು 57ರಿಂದ 60 ಡಿಗ್ರಿ ಶಾಖ ಸಾಕು. ಬೇಗ ಮುಗಿಯಲೆಂದು 80ಕ್ಕೆ ಏರಿಸಿದರೆ ಮೇಲ್ಮೈ ಚಿಪ್ಪಿನಂತೆ ಬಿಗಿದು ಒಳಗಿನ ತೇವ ಅಲ್ಲೇ ಸಿಕ್ಕಿಬೀಳುತ್ತದೆ. ನೋಡಲು ಒಣಗಿದಂತಿದ್ದ ಹೋಳಿಗೆ ಡಬ್ಬಿಯಲ್ಲಿ ಬೂಷ್ಟು ಹಿಡಿಯುವುದು ಹೀಗೆ. ಅನೇಕ ಒಟಿಜಿ ಓವನ್‌ಗಳ ಕನಿಷ್ಠ ಶಾಖವೇ ಇದಕ್ಕಿಂತ ಹೆಚ್ಚಿರುತ್ತದೆ. ಬಾಗಿಲನ್ನು ಸ್ವಲ್ಪ ತೆರೆದಿಟ್ಟು, ಒಳಗೊಂದು ಥರ್ಮಾಮೀಟರ್ ಇಟ್ಟು ನೋಡಿಕೊಳ್ಳಬೇಕು. ಫ್ಯಾನ್ ಇರುವ ಪುಟ್ಟ ಡ್ರೈಯರ್ ಇದ್ದರೆ ಕೆಲಸ ಹಗುರ. ಕರೆಂಟ್ ಬಿಲ್ಲಿನ ಚಿಂತೆಯೇ? 350 ವ್ಯಾಟ್‌ನ ಯಂತ್ರ ಹತ್ತು ಗಂಟೆ ಓಡಿದರೆ ಮೂರೂವರೆ ಯೂನಿಟ್. ಅದೂ ಒಮ್ಮೆ ಮಾತ್ರ. ಅದೇ ಹಣ್ಣಿಗಾಗಿ ಫ್ರೀಜರ್ ವರ್ಷವಿಡೀ ಓಡಬೇಕು. ಬಿಸಿಲನ್ನೇ ನಂಬುವವರಿಗೂ ಇಲ್ಲೊಂದು ಅನುಕೂಲವಿದೆ: ಹಣ್ಣು ಮೇ ತಿಂಗಳದ್ದಾದರೂ ಗಾಳಿ ಒಣಗಿರುವ ಫೆಬ್ರುವರಿ, ಮಾರ್ಚ್‌ವರೆಗೆ ಕಾಯಬಹುದು. ಆದರೆ ಬಿಸಿಲಿಗಿಡುವುದು ಬಿಸಿಮಾಡಿ ಎರೆದ ತೆಳು ಮಾಂಬಳ ಮಾತ್ರ ಆಗಿರಲಿ. ಕರಗಿದ ದಪ್ಪ ಹೋಳು ಬಿಸಿಲಲ್ಲಿ ಒಣಗುವ ಮೊದಲೇ ಹುಳಿಯುತ್ತದೆ.

ಎರಡು ಬಾರಿ ಪೆಟ್ಟು ತಿಂದ ಹಣ್ಣಿನಲ್ಲಿ ಪೋಷಕಾಂಶ ಉಳಿದೀತೇ ಎಂಬ ಪ್ರಶ್ನೆ ನ್ಯಾಯವಾದದ್ದು. ಸಿ ವಿಟಮಿನ್ ಗಣನೀಯವಾಗಿ ಕಡಿಮೆಯಾಗುತ್ತದೆ, ಇದನ್ನು ಒಪ್ಪಲೇಬೇಕು. ನಾರು, ಖನಿಜ ಉಳಿಯುತ್ತವೆ. ಮಾವಿನ ಬೀಟಾ ಕ್ಯಾರೊಟಿನ್ ಬೆಳಕಿಗೆ ಒಡ್ಡದಿದ್ದರೆ ಬಹುಪಾಲು ಉಳಿಯುತ್ತದೆ. ಸಕ್ಕರೆ ಮಾತ್ರ ಸಾಂದ್ರವಾಗುತ್ತದೆ: ಒಂದು ಕಿಲೋ ಮಾವಿನ ಹೋಳು ಒಣಗಿದಾಗ ಇನ್ನೂರು ಗ್ರಾಂ ಆಸುಪಾಸಿಗೆ ಇಳಿಯುತ್ತದೆ, ರಸದಲ್ಲಿ ಇಳಿದುಹೋದದ್ದು ಬಿಟ್ಟು ಉಳಿದ ಸಕ್ಕರೆಯೆಲ್ಲ ಅದರಲ್ಲೇ ಇರುತ್ತದೆ. ಮಧುಮೇಹ ಇರುವವರು ತಿನ್ನುವಾಗ ಈ ಲೆಕ್ಕ ನೆನಪಿಡಬೇಕು. ಅಂಗಡಿಯಲ್ಲಿ ಸಿಗುವ ಗರಿಗರಿ ಫ್ರೀಜ್ ಡ್ರೈಡ್ ಹಣ್ಣಿನ ಆಸೆಯನ್ನು ಇಲ್ಲಿ ಇಟ್ಟುಕೊಳ್ಳಬೇಡಿ. ಅದಕ್ಕೆ ನಿರ್ವಾತ ಯಂತ್ರ ಬೇಕು, ಮನೆಯ ಫ್ರೀಜರ್‌ನಿಂದ ಅದು ಆಗದು.

ಒಣಗಿತೋ ಇಲ್ಲವೋ ಎಂದು ನೋಡಲು ಹೋಳನ್ನು ತಣಿಸಿ, ಕತ್ತರಿಸಿ, ಹಿಂಡಿ. ತೇವ ಜಿನುಗಬಾರದು, ಮಡಚಿದರೆ ಬಾಗಬೇಕು, ಅಂಟಬಾರದು. ಅವಸರಪಟ್ಟು ತಕ್ಷಣ ಬಿಗಿಯಾಗಿ ತುಂಬಿಡುವವರೇ ಹೆಚ್ಚು, ಹಣ್ಣು ಕೆಡುವುದೂ ಅಲ್ಲಿಂದಲೇ. ಹೋಳುಗಳಲ್ಲಿ ತೇವ ಒಂದೇ ಸಮ ಇರುವುದಿಲ್ಲ. ಗಾಜಿನ ಬಾಟಲಿಯ ಮೂರನೇ ಎರಡು ಭಾಗ ತುಂಬಿಸಿ, ಮುಚ್ಚಿ, ವಾರದಿಂದ ಹತ್ತು ದಿನ ದಿನಕ್ಕೊಮ್ಮೆ ಅಲುಗಾಡಿಸಿ. ಗಾಜಿನ ಒಳಗೆ ಹನಿ ಕಟ್ಟಿದರೆ ಇನ್ನೊಮ್ಮೆ ಒಣಗಿಸಿ. ಬಿಸಿಲಲ್ಲಿ ಒಣಗಿಸಿದ್ದನ್ನು, ಕೀಟದ ಮೊಟ್ಟೆ ಸಾಯಲೆಂದು, ಬಿಗಿಯಾಗಿ ಕಟ್ಟಿ ಮತ್ತೆ 48 ಗಂಟೆ ಫ್ರೀಜರ್‌ನಲ್ಲಿಟ್ಟು ತೆಗೆಯಬೇಕು. ನಂತರ ಸಣ್ಣ ಸಣ್ಣ ಡಬ್ಬಿಗಳಲ್ಲಿ, ಕತ್ತಲಿನ ಜಾಗದಲ್ಲಿಡಿ, ತಾರೀಖು ಬರೆದಿಡಿ. ನಮ್ಮ ಅಡುಗೆಮನೆಗಳ 27 ಡಿಗ್ರಿ ಆಸುಪಾಸಿನ ಶಾಖದಲ್ಲಿ ಸುಮಾರು ಆರು ತಿಂಗಳು ಚೆನ್ನಾಗಿರುತ್ತದೆ. ಒಂದು ಹೋಳಿನಲ್ಲಿ ಬೂಷ್ಟು ಕಂಡರೂ ಆ ಡಬ್ಬಿಯದ್ದನ್ನು ಆರಿಸಿ ತಿನ್ನಲು ಹೋಗಬೇಡಿ, ಪೂರ್ತಿ ಎಸೆದುಬಿಡಿ.