ಗ್ಯೂಸಿಂಗ್: ಪಳೆಯುಳಿಕೆ ಇಂಧನ ಕೈಬಿಟ್ಟ ಪುಟ್ಟ ಪಟ್ಟಣ (ಮುಖ್ಯಾಂಶಗಳು)

ಸುಸ್ಥಿರ ಅಭಿವೃದ್ಧಿ, ನವೀಕರಿಸಬಹುದಾದ ಇಂಧನ, ಸ್ಥಳೀಯ ಆಡಳಿತ: ಈ ಮೂರರಲ್ಲಿ ಯಾವುದರ ಮೇಲೆ ಪ್ರಶ್ನೆ ಬಂದರೂ ಆಸ್ಟ್ರಿಯಾದ ಗ್ಯೂಸಿಂಗ್ ಪಟ್ಟಣದ ಉದಾಹರಣೆ ಕೊಡಬಹುದು. ಯಶಸ್ಸಿನ ಜೊತೆಗೆ 2013 ಮತ್ತು 2016ರ ಹಿನ್ನಡೆಯನ್ನೂ ಬರೆದರೆ ಮಾತ್ರ ಉತ್ತರ ಪೂರ್ಣವಾಗುತ್ತದೆ.

ಸ್ಥಳ ಪರಿಚಯ

- ದೇಶ: ಆಸ್ಟ್ರಿಯಾ. ರಾಜ್ಯ: ಬರ್ಗನ್‌ಲ್ಯಾಂಡ್ (ರಾಜಧಾನಿ ಐಸೆನ್‌ಸ್ಟಾಟ್). ಹಂಗೇರಿ ಗಡಿಗೆ ಅಂಟಿಕೊಂಡ ಪ್ರದೇಶ.
- ಜನಸಂಖ್ಯೆ: ಸುಮಾರು 4,000. ಗ್ಯೂಸಿಂಗ್ ಜಿಲ್ಲೆಯ ಕೇಂದ್ರ. ಗುಡ್ಡದ ಮೇಲಿನ ಹಳೆಯ ಕೋಟೆ ಊರಿನ ಗುರುತು.
- ಮುಖ್ಯ ಸಂಪನ್ಮೂಲ: ಸುತ್ತಲಿನ ಕಾಡು ಮತ್ತು ಹೊಲ.

ಹಿನ್ನೆಲೆ: ಸಮಸ್ಯೆ ಏನಿತ್ತು?

- ಶೀತಲ ಸಮರದ ಕಾಲದಲ್ಲಿ ಗಡಿಯ ಆಚೆ ಕಮ್ಯುನಿಸ್ಟ್ ಹಂಗೇರಿ ಇತ್ತು. ಉದ್ಯಮ ಬರಲಿಲ್ಲ, ರೈಲು ಮತ್ತು ಹೆದ್ದಾರಿ ಸಂಪರ್ಕವೂ ಇರಲಿಲ್ಲ.
- ದುಡಿಯುವವರಲ್ಲಿ ಹೆಚ್ಚಿನವರು ವಿಯೆನ್ನಾ, ಗ್ರಾಜ್ ನಗರಗಳಿಗೆ ಹೋಗಿ ವಾರಾಂತ್ಯಕ್ಕೆ ಮನೆಗೆ ಬರುತ್ತಿದ್ದರು.
- ತೈಲ, ವಿದ್ಯುತ್ ಎಲ್ಲವೂ ಹೊರಗಿನಿಂದ ಬರಬೇಕಿತ್ತು. ಪುರಸಭೆಗೆ ಆ ಬಿಲ್ಲು ಕಟ್ಟುವುದೇ ಕಷ್ಟವಾಗಿತ್ತು. ಅತ್ತ ಪಕ್ಕದ ಕಾಡಿನಲ್ಲಿ ಮರದ ಚೂರು, ರೆಂಬೆ ಕೊಳೆತು ಹೋಗುತ್ತಿದ್ದವು.

ಕಾಲಾನುಕ್ರಮ (ವಸ್ತುನಿಷ್ಠ ಪ್ರಶ್ನೆಗಳಿಗೆ)

- 1990: ಪಳೆಯುಳಿಕೆ ಇಂಧನ ಸಂಪೂರ್ಣ ಕೈಬಿಡುವ ನಿರ್ಣಯಕ್ಕೆ ಪುರಸಭೆಯ ಅಂಗೀಕಾರ.
- 1991: ರೇಪ್‌ಸೀಡ್ ಎಣ್ಣೆಯಿಂದ ಜೈವಿಕ ಡೀಸೆಲ್ ತಯಾರಿಸುವ ಘಟಕ.
- 1992: ಪೀಟರ್ ವಾಡಾಸ್ ಮೇಯರ್ ಆದರು. ಎಂಜಿನಿಯರ್ ರೈನ್‌ಹಾರ್ಡ್ ಕೊಖ್ ಯೋಜನೆಯ ತಾಂತ್ರಿಕ ರೂವಾರಿ.
- 1995: ಆಸ್ಟ್ರಿಯಾ ಐರೋಪ್ಯ ಒಕ್ಕೂಟಕ್ಕೆ ಸೇರ್ಪಡೆ. ಹಿಂದುಳಿದ ಪ್ರದೇಶವೆಂದು ಬರ್ಗನ್‌ಲ್ಯಾಂಡ್‌ಗೆ ಒಕ್ಕೂಟದ ನೆರವು.
- 1996: ಕಟ್ಟಿಗೆ ಆಧಾರಿತ ಜಿಲ್ಲಾ ತಾಪನ ಜಾಲ ಆರಂಭ, ನವೀಕರಿಸಬಹುದಾದ ಇಂಧನದ ಯುರೋಪಿಯನ್ ಕೇಂದ್ರ ಸ್ಥಾಪನೆ.
- 2001: ಜೀವರಾಶಿ ಅನಿಲೀಕರಣ ವಿದ್ಯುತ್ ಸ್ಥಾವರ ಸಿದ್ಧ.
- 2013: ಆ ಸ್ಥಾವರದ ಕಂಪನಿ ದಿವಾಳಿ. 2016: ಸ್ಥಾವರ ಸ್ಥಗಿತ.

ಕೈಗೊಂಡ ಕ್ರಮಗಳು: ಅನುಕ್ರಮವೇ ಮುಖ್ಯ

1. ಮೊದಲು ಉಳಿತಾಯ: ಸಾರ್ವಜನಿಕ ಕಟ್ಟಡಗಳಿಗೆ ಉಷ್ಣ ನಿರೋಧಕ ಹೊದಿಕೆ, ಬೀದಿದೀಪಗಳ ಬದಲಾವಣೆ. ಪುರಸಭೆಯ ಇಂಧನ ವೆಚ್ಚ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಬೇಡಿಕೆ ಇಳಿದ ಮೇಲೆ ಉಳಿದದ್ದನ್ನು ಸ್ಥಳೀಯವಾಗಿ ಪೂರೈಸುವುದು ಕೈಗೆಟುಕುವ ಕೆಲಸವಾಯಿತು.
2. ನಂತರ ಶಾಖ: ಒಂದು ಕಡೆ ಕಟ್ಟಿಗೆ ಚೂರು ಉರಿಸಿ ನೀರು ಕಾಯಿಸಿ, ನೆಲದಡಿಯ ಕೊಳವೆಗಳಲ್ಲಿ ಮನೆ, ಶಾಲೆ, ಕಾರ್ಖಾನೆಗಳಿಗೆ ಹರಿಸುವ ವ್ಯವಸ್ಥೆ. ಮನೆಮನೆಯ ತೈಲ ಬಾಯ್ಲರ್‌ಗೆ ಇದು ಪರ್ಯಾಯ.
3. ಆಮೇಲೆ ವಿದ್ಯುತ್: 2001ರ ಸ್ಥಾವರ. ವಿಯೆನ್ನಾ ತಾಂತ್ರಿಕ ವಿಶ್ವವಿದ್ಯಾಲಯದ ಪ್ರೊ. ಹರ್ಮನ್ ಹಾಫ್‌ಬೌವರ್ ತಂಡದ ತಂತ್ರಜ್ಞಾನ.
4. ಜೊತೆಗೆ ಉದ್ಯಮ: ಅಗ್ಗದ ಶಾಖ ಸಿಗುತ್ತದೆಂದು ಮರದ ನೆಲಹಾಸು ಕಾರ್ಖಾನೆಗಳು ಬಂದವು. ಅವುಗಳ ಮರದ ತ್ಯಾಜ್ಯ ಊರಿನ ಸ್ಥಾವರಗಳಿಗೆ ಇಂಧನವಾಯಿತು.

ತಂತ್ರಜ್ಞಾನ: 2001ರ ಸ್ಥಾವರ ಕೆಲಸ ಮಾಡುತ್ತಿದ್ದ ಬಗೆ

- ಸಾಮರ್ಥ್ಯ: ಒಳಹೋಗುವ ಇಂಧನ 8 ಮೆಗಾವ್ಯಾಟ್; ಹೊರಬರುವುದು 2 ಮೆಗಾವ್ಯಾಟ್ ವಿದ್ಯುತ್, ಸುಮಾರು 4.5 ಮೆಗಾವ್ಯಾಟ್ ಶಾಖ.
- ಹೆಸರು: ದ್ವಿ ದ್ರವೀಕೃತ ತಳದ ಹಬೆ ಅನಿಲೀಕರಣ.
- ಮೊದಲ ಕೋಣೆಯಲ್ಲಿ ಸುಮಾರು 850 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಟ್ಟಿಗೆ ಚೂರಿಗೆ ಹಬೆ ತಗುಲಿಸಿದರೆ ಅನಿಲ ಹೊರಡುತ್ತದೆ. ಉಳಿದ ಇದ್ದಿಲು ಮರಳಿನಂಥ ಬಿಸಿ ಕಣಗಳ ಜೊತೆ ಎರಡನೇ ಕೋಣೆಗೆ ಹೋಗಿ ಗಾಳಿಯಲ್ಲಿ ಉರಿಯುತ್ತದೆ. ಕಾದ ಕಣಗಳು ಮೊದಲ ಕೋಣೆಗೆ ಮರಳಿ ಬೇಕಾದ ಶಾಖ ಒದಗಿಸುತ್ತವೆ.
- ಲಾಭ: ಗಾಳಿ ಬಳಸುವ ಅನಿಲೀಕರಣದಲ್ಲಿ ಅನಿಲದ ಸುಮಾರು ಅರ್ಧ ಭಾಗ ಸಾರಜನಕವೇ. ಇಲ್ಲಿ ಅದು ಬಹಳ ಕಡಿಮೆ, ಜಲಜನಕ ಹೆಚ್ಚು. ಹಾಗಾಗಿ ಉಷ್ಣಮೌಲ್ಯ ದುಪ್ಪಟ್ಟಿಗೂ ಹೆಚ್ಚು.
- ಅನಿಲದಲ್ಲಿನ ಟಾರು ತೊಳೆಯಲು ಬಳಸಿದ್ದು ರೇಪ್‌ಸೀಡ್ ಜೈವಿಕ ಡೀಸೆಲ್. ಶುದ್ಧ ಅನಿಲ ಎಂಜಿನ್ ಓಡಿಸಿ ವಿದ್ಯುತ್ ಕೊಟ್ಟಿತು. ಅದರ ಶಾಖ ತಾಪನ ಜಾಲಕ್ಕೆ ಹೋಯಿತು.

ಫಲಿತಾಂಶ

- 1995ಕ್ಕೆ ಹೋಲಿಸಿದರೆ ಕಾರ್ಬನ್ ಡೈಆಕ್ಸೈಡ್ ಹೊರಸೂಸುವಿಕೆ ಶೇ 90ಕ್ಕೂ ಹೆಚ್ಚು ಇಳಿಯಿತೆಂಬುದು ಪಟ್ಟಣದ ಲೆಕ್ಕ.
- ಸುಮಾರು 50 ಹೊಸ ಉದ್ಯಮಗಳು, 1,000ಕ್ಕೂ ಹೆಚ್ಚು ಉದ್ಯೋಗಗಳು.
- ತೈಲಕ್ಕೆಂದು ಹೊರಹೋಗುತ್ತಿದ್ದ ಹಣ ಕಾಡಿನ ಮಾಲೀಕರು, ರೈತರು, ಕಾರ್ಮಿಕರ ಕೈಯಲ್ಲೇ ಉಳಿಯಿತು.
- ಸ್ಥಾವರಗಳನ್ನು ನೋಡಲು ಬರುವವರಿಂದ 'ಪರಿಸರ ಇಂಧನ ಪ್ರವಾಸ' ಬೆಳೆಯಿತು.

ವಿಮರ್ಶೆ

- ಹಸಿರು ವಿದ್ಯುತ್ತಿಗೆ ಸರ್ಕಾರ ನಿಗದಿ ಮಾಡಿದ ಖಾತರಿ ಖರೀದಿ ದರದ ಮೇಲೆ 2001ರ ಸ್ಥಾವರ ನಿಂತಿತ್ತು. ಕಟ್ಟಿಗೆ ಬೆಲೆ ಏರಿತು, ಖಾತರಿ ದರದ ಅವಧಿ ಮುಗಿಯಿತು; ಲೆಕ್ಕ ತಾಳೆಯಾಗಲಿಲ್ಲ.
- ಕಾಡು ಮತ್ತೆ ಬೆಳೆಯುವ ವೇಗಕ್ಕಿಂತ ಹೆಚ್ಚು ಕಡಿದರೆ ಜೀವರಾಶಿ ಇಂಗಾಲ ತಟಸ್ಥವಾಗಿ ಉಳಿಯುವುದಿಲ್ಲ.
- ಪಾಠ: ಉಳಿತಾಯದ ಲಾಭಕ್ಕೆ ಸಹಾಯಧನ ಬೇಕಿಲ್ಲ, ಅದು ಶಾಶ್ವತ. ಉತ್ಪಾದನೆಯ ಲಾಭ ಇಂಧನದ ಬೆಲೆ ಮತ್ತು ಸರ್ಕಾರದ ನೀತಿಗೆ ಕಟ್ಟುಬಿದ್ದದ್ದು.

ಕರ್ನಾಟಕದ ಹೋಲಿಕೆ

- ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ 1988ರಲ್ಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಕೇಂದ್ರ ಕಟ್ಟಿಗೆ ಅನಿಲೀಕರಣ ಘಟಕ ಸ್ಥಾಪಿಸಿತ್ತು. ಮನೆಗಳಿಗೆ ಬೆಳಕು, ಕುಡಿಯುವ ನೀರು, ಹಿಟ್ಟಿನ ಗಿರಣಿಗೆ ಅದರ ವಿದ್ಯುತ್ ಬಳಕೆಯಾಯಿತು.

ಉತ್ತರಕ್ಕೆ ಜೋಡಿಸಬಹುದಾದವು

- ಸುಸ್ಥಿರ ಅಭಿವೃದ್ಧಿ ಗುರಿಗಳು: 7 (ಕೈಗೆಟುಕುವ ಶುದ್ಧ ಇಂಧನ), 11 (ಸುಸ್ಥಿರ ನಗರಗಳು), 13 (ಹವಾಮಾನ ಕ್ರಮ).
- ಪ್ಯಾರಿಸ್ ಒಪ್ಪಂದ: 2015. ಭಾರತದ ನಿವ್ವಳ ಶೂನ್ಯ ಗುರಿ: 2070 (2021ರ ಗ್ಲಾಸ್ಗೊ ಸಮಾವೇಶದಲ್ಲಿ ಘೋಷಣೆ).

ಅಭ್ಯಾಸ ಪ್ರಶ್ನೆಗಳು

1. ಗ್ಯೂಸಿಂಗ್ ಯಾವ ರಾಜ್ಯದಲ್ಲಿದೆ? – ಬರ್ಗನ್‌ಲ್ಯಾಂಡ್
2. ಪಳೆಯುಳಿಕೆ ಇಂಧನ ಕೈಬಿಡುವ ನಿರ್ಣಯದ ವರ್ಷ? – 1990
3. 2001ರ ಸ್ಥಾವರದ ವಿದ್ಯುತ್ ಸಾಮರ್ಥ್ಯ? – 2 ಮೆಗಾವ್ಯಾಟ್
4. ವಿವರಣಾತ್ಮಕ (10 ಅಂಕ): "ಸಣ್ಣ ಪಟ್ಟಣಗಳ ಇಂಧನ ಸ್ವಾವಲಂಬನೆ ತಂತ್ರಜ್ಞಾನಕ್ಕಿಂತ ನೀತಿಯ ಸ್ಥಿರತೆಯನ್ನು ಹೆಚ್ಚು ಅವಲಂಬಿಸಿದೆ." ಗ್ಯೂಸಿಂಗ್ ಉದಾಹರಣೆಯೊಂದಿಗೆ ಚರ್ಚಿಸಿ. ಸುಳಿವು: ಉಳಿತಾಯ, ತಾಪನ ಜಾಲ, 2001ರ ಸ್ಥಾವರ, ಖಾತರಿ ದರ, 2016ರ ಸ್ಥಗಿತ, ಹೊಸಹಳ್ಳಿ.